ಯಂತ್ರ ಸರ್ಕಾರದ್ದು, ಸೂಜಿಮದ್ದು ರೋಗಿಯದು

ಡಯಾಲಿಸಿಸ್ ಯಂತ್ರವೊಂದು ಆಸ್ಪತ್ರೆಗೆ ಬಂದರೆ ಅದಕ್ಕೆ ಹಾರ ಹಾಕುತ್ತೇವೆ, ದಾನಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ. ಆ ಯಂತ್ರದ ಪಕ್ಕದಲ್ಲಿ ನಾಲ್ಕು ಗಂಟೆ ಮಲಗಿ ಎದ್ದವನು ಹತ್ತು ಮೆಟ್ಟಿಲು ಹತ್ತಲಾರದೆ ಗೋಡೆಗೊರಗಿ ನಿಂತರೆ, 'ಕಾಯಿಲೆಯೇ ಅಂಥದು' ಎಂದು ಸಮಾಧಾನ ಹೇಳುತ್ತೇವೆ. ನನ್ನ ತಕರಾರು ಈ ಸಮಾಧಾನದ ಬಗ್ಗೆ. ಆ ಏದುಸಿರಿನ ಬಹುಪಾಲು ಕಾಯಿಲೆಯ ಅನಿವಾರ್ಯ ಫಲವಲ್ಲ. ಅದು ರಕ್ತಹೀನತೆ, ಅದಕ್ಕೆ ಕಾರಣ ಗೊತ್ತಿದೆ, ಮದ್ದೂ ಇದೆ.

ಮೂತ್ರಪಿಂಡ ಕೊಳೆ ತೊಳೆಯುವ ಅಂಗ ಮಾತ್ರವಲ್ಲ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದುದನ್ನು ಅರಿತು, ಎರಿತ್ರೋಪೊಯೆಟಿನ್ ಎಂಬ ಹಾರ್ಮೋನಿನ ಮೂಲಕ ಅಸ್ಥಿಮಜ್ಜೆಗೆ 'ಕೆಂಪು ಕಣ ಮಾಡು' ಎಂದು ಹೇಳಿಕಳಿಸುವುದೂ ಅದೇ. ಡಯಾಲಿಸಿಸ್ ಕೊಳೆ ತೊಳೆದೀತು, ಈ ಸಂದೇಶ ಕಳಿಸಲಾರದು. 1977ರಲ್ಲಿ ಯೂಜೀನ್ ಗೋಲ್ಡ್‌ವಾಸರ್ ಈ ಹಾರ್ಮೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದಾಗ ಬಳಸಿದ್ದು, ಜಪಾನಿನ ವೈದ್ಯ ತಕಾಜಿ ಮಿಯಾಕೆ ರಕ್ತಹೀನತೆಯ ರೋಗಿಗಳಿಂದಲೇ ಕೂಡಿಹಾಕಿದ 2,550 ಲೀಟರ್ ಮೂತ್ರವನ್ನು. 1989ರಲ್ಲಿ ಅಮೆರಿಕದಲ್ಲಿ ಅದರ ಚುಚ್ಚುಮದ್ದಿಗೆ ಅನುಮತಿ ದೊರೆಯಿತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಗುಂಪಿನ ಮದ್ದುಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅಂದರೆ ಇದು ಶ್ರೀಮಂತರ ವಿಲಾಸವಲ್ಲ.

ಆದರೂ ನಮ್ಮ ಮನೆಗಳಲ್ಲಿ ಮೊದಲು ಬರುವುದು ಬೀಟ್‌ರೂಟ್ ರಸ, ದಾಳಿಂಬೆ, ಖರ್ಜೂರ. ಬಣ್ಣ ಕೆಂಪಾದರೆ ರಕ್ತವಾದೀತೆಂಬ ನಂಬಿಕೆ! ಕೆಟ್ಟ ಮೂತ್ರಪಿಂಡ ಪೊಟ್ಯಾಸಿಯಮ್ಮನ್ನು ಹೊರಹಾಕಲಾರದು. ಈ ಪದಾರ್ಥಗಳಲ್ಲಿ ಅದು ಧಾರಾಳವಾಗಿದೆ. ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಪ್ರೀತಿಯಿಂದ ಕೊಟ್ಟ ಲೋಟ ಅಪಾಯವಾಗುವುದು ಹೀಗೆ. ಕಬ್ಬಿಣದ ಮಾತ್ರೆಯದೂ ಅರ್ಧ ಕಥೆಯೇ. ಈ ರೋಗದಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಕರುಳಿನಿಂದ ಕಬ್ಬಿಣ ರಕ್ತಕ್ಕೆ ಸೇರುವ ಬಾಗಿಲನ್ನು ಮುಚ್ಚುತ್ತದೆ. ಹಲವರಿಗೆ ಕಬ್ಬಿಣವನ್ನು ನರದ ಮೂಲಕವೇ ಕೊಡಬೇಕು.

ಇದಾವುದೂ ನಡೆಯದೆ ಹಿಮೋಗ್ಲೋಬಿನ್ ಆರಕ್ಕೋ ಏಳಕ್ಕೋ ಇಳಿದಾಗ ಉಳಿಯುವುದು ಒಂದು ಬಾಟಲಿ ರಕ್ತ. ಗಣೇಶೋತ್ಸವದ ಮಂಡಳಿಗಳೂ ರಕ್ತದಾನ ಶಿಬಿರ ನಡೆಸುವ ಊರು ಪುಣೆ. ಆ ದಾನದ ಬಗ್ಗೆ ನನಗೆ ಗೌರವವಿದೆ. ಜೀವಕ್ಕೆ ಕುತ್ತು ಬಂದಾಗ ರಕ್ತ ಏರಿಸಲೇಬೇಕು. ಆದರೆ ಕೊಡಬೇಕಾದ ಚುಚ್ಚುಮದ್ದು ಕೊಡದೆ, ತಿಂಗಳಿಗೊಮ್ಮೆ ರಕ್ತ ಏರಿಸಿ ಕಳಿಸುವುದು ಅಗ್ಗದ ಉಪಾಯದಂತೆ ಕಾಣುವ ದುಬಾರಿ ಪದ್ಧತಿ. ಪರರ ರಕ್ತ ಒಳಹೊಕ್ಕಾಗಲೆಲ್ಲ ಪರರ ಅಂಗಾಂಶದ ವಿರುದ್ಧ ಪ್ರತಿಕಾಯಗಳು ಹುಟ್ಟಬಹುದು. ನಾಳೆ ಕಸಿಗೆ ಮೂತ್ರಪಿಂಡ ಸಿಕ್ಕರೂ ಹೊಂದಿಕೆಯಾಗದೆ ಹೋಗುವುದು ಇದರಿಂದಲೇ. ಹೆರಿಗೆಗಳಿಂದ ಮೊದಲೇ ಇಂಥ ಪ್ರತಿಕಾಯಗಳನ್ನು ಪಡೆದಿರಬಹುದಾದ ಹೆಂಗಸರಿಗೆ ಈ ಹೊಡೆತ ಹೆಚ್ಚು. ಒಂದು ಕಡೆ ಅಂಗದಾನದ ಜಾಗೃತಿ ಜಾಥಾ, ಇನ್ನೊಂದು ಕಡೆ ಕಸಿಯ ದಾರಿಗೆ ನಾವೇ ಹಾಕುವ ಮುಳ್ಳು.

ಸರ್ಕಾರದ ಕಾಗದಗಳನ್ನು ನೋಡಿ. 2016ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. ಅದರ ಮಾರ್ಗಸೂಚಿಯ ಪ್ರಕಾರ ಯಂತ್ರ, ಸಿಬ್ಬಂದಿ, ಡಯಲೈಸರ್ ಖಾಸಗಿ ಪಾಲುದಾರನವು. ಜಾಗ, ವಿದ್ಯುತ್ತು, ನೀರು, ಔಷಧ ಸರ್ಕಾರದವು. ಓದಲು ಅಚ್ಚುಕಟ್ಟಾಗಿದೆ. ಆದರೆ ಹಣ ಪಾವತಿಯಾಗುವುದು ಡಯಾಲಿಸಿಸ್‌ನ ಲೆಕ್ಕದಲ್ಲಿ. ಔಷಧವೋ, ಉಗ್ರಾಣದಲ್ಲಿದ್ದರೆ ಉಂಟು, ಇಲ್ಲವಾದರೆ ಕೈಗೊಂದು ಚೀಟಿ. ರೋಗಿ ಮಲಗಿದ್ದು ಎಷ್ಟು ಸಲವೆಂದು ಲೆಕ್ಕವಿಡುವ ವ್ಯವಸ್ಥೆಗೆ ಅವನು ಎದ್ದು ನಡೆದನೇ ಎಂಬ ಕುತೂಹಲವಿಲ್ಲ. 2018ರ ರಕ್ತಹೀನತೆ ಮುಕ್ತ ಭಾರತ ಅಭಿಯಾನ ಮಕ್ಕಳು, ಹದಿಹರೆಯದವರು, ಗರ್ಭಿಣಿಯರು, ಬಾಣಂತಿಯರು ಮೊದಲಾದ ಆರು ಗುಂಪುಗಳನ್ನು ಹೆಸರಿಸಿತು. ಅದು ಸರಿಯೇ. ಐವತ್ತೈದು ವರ್ಷದ ಮೂತ್ರಪಿಂಡ ರೋಗಿ ಮಾತ್ರ ಆ ಆರರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಪುಣೆಯಲ್ಲಿ ಈ ವಿಪರ್ಯಾಸ ಕಣ್ಣಿಗೆ ರಾಚುತ್ತದೆ. ನರಕ್ಕೆ ಕೊಡುವ ಕಬ್ಬಿಣದ ಮದ್ದನ್ನು ಮಾರುವ ಎಮ್‌ಕ್ಯೂರ್ ಈ ಊರಿನದೇ ಕಂಪನಿ. ಜೈವಿಕ ಔಷಧ ತಯಾರಿಸುವ ಅದರ ಅಂಗಸಂಸ್ಥೆ ಜೆನೋವಾ ಇರುವುದು ಹಿಂಜವಡಿಯಲ್ಲಿ. ಅದೇ ಹಿಂಜವಡಿಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರಲ್ಲಿ ಕಲಬುರಗಿ, ವಿಜಯಪುರದ ಕಡೆಯ ನಮ್ಮವರೂ ಇದ್ದಾರೆ. ಎರಿತ್ರೋಪೊಯೆಟಿನ್ ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿರಬೇಕಾದ ಮದ್ದು. ತಗಡಿನ ಶೆಡ್ಡಿನಲ್ಲಿ ಬದುಕುವವನಿಗೆ 'ಹೊರಗಡೆ ಕೊಂಡು ತಾ, ಫ್ರಿಜ್ಜಿನಲ್ಲಿಡು' ಎನ್ನುವುದು ವೈದ್ಯಕೀಯ ಸಲಹೆಯೇ? ತಂಪು ಕಾಯಬೇಕಾದ ಹೊಣೆ ಕೇಂದ್ರದ್ದು. ಡಯಾಲಿಸಿಸ್‌ಗೆ ಬಂದಾಗಲೇ ಅಲ್ಲಿಯೇ ಚುಚ್ಚಬೇಕು. 2022ರಲ್ಲಿ ನಮ್ಮ ದೇಶದಲ್ಲಿ ಡೆಸಿಡುಸ್ಟಾಟ್ ಎಂಬ ಮಾತ್ರೆಗೂ ಅನುಮತಿ ಸಿಕ್ಕಿದೆ. ಸೂಜಿಯ ಕಷ್ಟ ಅದರಿಂದ ಕೆಲವರಿಗೆ ತಪ್ಪಬಹುದು. ಆದರೆ ಯಾರ ಕಿಸೆಯಿಂದ ಎಂಬ ಪ್ರಶ್ನೆ ಅಲ್ಲಿಯೂ ಹಾಗೆಯೇ ನಿಲ್ಲುತ್ತದೆ.

ಈ ಮದ್ದು ಅಪಾಯಕಾರಿಯಲ್ಲವೇ ಎಂದು ಬಲ್ಲವರು ಕೇಳುತ್ತಾರೆ. ಕೇಳಲೇಬೇಕು. ಮಧುಮೇಹವೂ ಮೂತ್ರಪಿಂಡದ ಕಾಯಿಲೆಯೂ ಇದ್ದ 4,038 ಜನರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಟ್ರೀಟ್ ಅಧ್ಯಯನದಲ್ಲಿ, ಹಿಮೋಗ್ಲೋಬಿನ್ನನ್ನು 13ಕ್ಕೆ ಏರಿಸಹೊರಟವರಲ್ಲಿ ಪಾರ್ಶ್ವವಾಯು ಸುಮಾರು ಇಮ್ಮಡಿಯಾಯಿತು. ಸಂಖ್ಯೆಯನ್ನು ಆರೋಗ್ಯವಂತರ ಮಟ್ಟಕ್ಕೆ ತರುವ ಹಟ ಜೀವಕ್ಕೆ ಎರವಾಗುತ್ತದೆ. ಆದ್ದರಿಂದಲೇ 2012ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯವಾಗಿ 11.5ನ್ನು ದಾಟದಿರಿ ಎಂದಿತು. ಆದರೆ ಹದಿಮೂರರ ಅಪಾಯವನ್ನು ತೋರಿಸಿ ಏಳರಲ್ಲಿ ತೂಗಾಡುವವನಿಗೆ ಮದ್ದು ನಿರಾಕರಿಸುವುದು, ಅಜೀರ್ಣದ ಭಯದಿಂದ ಹಸಿದವನ ಎಲೆ ಎತ್ತಿದಂತೆ. ಕಬ್ಬಿಣವನ್ನು ಮುಂಚಿತವಾಗಿ ಸಾಕಷ್ಟು ಕೊಟ್ಟರೆ ಈ ಹಾರ್ಮೋನು ಕಡಿಮೆ ಸಾಕಾಗುತ್ತದೆಂದು, ಡಯಾಲಿಸಿಸ್‌ನಲ್ಲಿದ್ದ 2,141 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಪಿವೋಟಲ್ ಅಧ್ಯಯನ ತೋರಿಸಿದೆ. ಸಾವು ಮತ್ತು ಹೃದಯದ ತೊಂದರೆಗಳೂ ಹೆಚ್ಚದೆ, ಇಳಿದವು.

ಪ್ರತಿಯೊಂದು ಡಯಾಲಿಸಿಸ್ ಕೇಂದ್ರದ ಗೋಡೆಯ ಮೇಲೆ 'ಈ ತಿಂಗಳು ಇಷ್ಟು ಡಯಾಲಿಸಿಸ್' ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಬರಬೇಕು: ಹಿಮೋಗ್ಲೋಬಿನ್ ಹತ್ತಕ್ಕಿಂತ ಕೆಳಗಿರುವವರು ಎಷ್ಟು, ಅವರಲ್ಲಿ ಮದ್ದು ಹೊರಗೆ ಕೊಂಡವರು ಎಷ್ಟು. ಯಂತ್ರ ಕೊಡಿಸಲು ಮುಂದಾಗುವ ನಮ್ಮ ಕನ್ನಡ ಸಂಘಗಳ ದಾನಿಗಳೂ ಚೆಕ್ಕಿಗೆ ಸಹಿ ಹಾಕುವ ಮುನ್ನ ಆ ಎರಡು ಅಂಕಿಗಳನ್ನು ಕೇಳಲಿ. ಉತ್ತರ ಸಿಗದ ಕಡೆ ಐದನೆಯ ಯಂತ್ರದ ಬದಲು ಒಂದು ವರ್ಷದ ಸೂಜಿಮದ್ದನ್ನೂ ಅದನ್ನು ಕಾಯುವ ಒಂದು ಫ್ರಿಜ್ಜನ್ನೂ ಕೊಡಿಸಲಿ. ಅದರ ಮೇಲೂ ಹೆಸರು ಬರೆಸಬಹುದು, ಅಡ್ಡಿಯಿಲ್ಲ.