ನಾಲಿಗೆಗೂ ಪರ್ದಾ ಇರಲಿ

ಹೊಳವನಹಳ್ಳಿ, ಕೊರಟಗೆರೆ, ಮಧುಗಿರಿಯ ನಮ್ಮ ಕುಟುಂಬಗಳಿಗೆ ಲಾಕರ್ ಎಂದರೆ ನೆನಪಾಗುವುದು ಮಗಳ ಮದುವೆಯ ಒಡವೆಯನ್ನು ಜೋಪಾನವಾಗಿಡುವ ಬ್ಯಾಂಕಿನ ಪೆಟ್ಟಿಗೆ. 'ಲಾಕರ್ ರೂಮ್' ಬೇರೆ. ಅದು ಆಟಗಾರರು ಬಟ್ಟೆ ಬದಲಿಸುವ, ಸಾಮಾನುಗಳಿಗೆ ಬೀಗ ಹಾಕಿಡುವ ಕೋಣೆ. ಗಂಡಸರಷ್ಟೇ ಸೇರಿದಾಗ ಹೆಣ್ಣಿನ ಕುರಿತು ಆಡುವ ಹೊಲಸು ಮಾತಿಗೆ ಅಮೆರಿಕದಲ್ಲಿ ಆ ಕೋಣೆಯ ಹೆಸರೇ ಅಂಟಿಕೊಂಡಿದೆ. ಡೊನಾಲ್ಡ್ ಟ್ರಂಪ್ 2005ರಲ್ಲಿ ಆಡಿದ್ದ ಅಂಥ ಮಾತುಗಳ ಮುದ್ರಿಕೆ 2016ರ ಅಕ್ಟೋಬರ್‌ನಲ್ಲಿ ಬಯಲಾದಾಗ ಅವರು ಕೊಟ್ಟ ಸಮಜಾಯಿಷಿ, ಅದು ಲಾಕರ್ ರೂಮ್ ಹರಟೆ ಎಂಬುದು. ಮರು ತಿಂಗಳೇ ಅವರು ಅಧ್ಯಕ್ಷರಾಗಿ ಆಯ್ಕೆಯಾದರು.

ಅಮೆರಿಕವನ್ನು ಹಳಿಯುವುದು ಸುಲಭ. ಆದರೆ 2021ರ ಡಿಸೆಂಬರ್ 16ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ, ತೆರೆದ ಸದನದಲ್ಲೇ, ಶಾಸಕ ಕೆ.ಆರ್. ರಮೇಶ್ ಕುಮಾರ್ ಅತ್ಯಾಚಾರವನ್ನು ಹಾಸ್ಯದ ಹೋಲಿಕೆಯಾಗಿ ಬಳಸಿದರು. ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿ ನಕ್ಕರು. ರಮೇಶ್ ಕುಮಾರ್ ಮರುದಿನ ಕ್ಷಮೆ ಯಾಚಿಸಿದರು. ಒಬ್ಬರು ಕಾಂಗ್ರೆಸ್, ಇನ್ನೊಬ್ಬರು ಬಿಜೆಪಿ. ಆ ನಗುವಿಗೆ ಪಕ್ಷಭೇದವಿರಲಿಲ್ಲ.

ಅದಾಗಿ ಹದಿನಾರನೆಯ ದಿನ, 2022ರ ಜನವರಿ 1ರಂದು, 'ಬುಲ್ಲಿ ಬಾಯಿ' ಎಂಬ ಆ್ಯಪ್‌ನಲ್ಲಿ ನೂರಕ್ಕೂ ಹೆಚ್ಚು ಮುಸ್ಲಿಮ್ ಮಹಿಳೆಯರ ಭಾವಚಿತ್ರಗಳನ್ನು 'ಹರಾಜಿಗೆ' ಇಡಲಾಯಿತು. ಆ ಆರೋಪದಲ್ಲಿ ಬಂಧಿತರಾದವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ಮುಚ್ಚಿದ ಗುಂಪಿನ ನಗು ಬೀದಿಗೆ ಬಂದಾಗ ಹೀಗಿರುತ್ತದೆ.

ಆಗ ಸಮುದಾಯ ಕೆರಳಿತು. ಅದು ನ್ಯಾಯವಾದ ರೋಷ. ಆದರೆ ನಮ್ಮ ಚಹಾದಂಗಡಿಯ ಬೆಂಚು, ನಮ್ಮ ಹುಡುಗರ ವಾಟ್ಸ್‌ಆ್ಯಪ್ ಗುಂಪು ಲಾಕರ್ ರೂಮ್ ಆಗಿಲ್ಲವೇ? ಕಾಲೇಜಿಗೆ ಹೋಗುವ ಹುಡುಗಿಯ ಚಿತ್ರ ಅಲ್ಲಿ ಹರಿದಾಡಿದರೆ, ಆಕೆ ಯಾವ ಧರ್ಮದವಳೇ ಆಗಿರಲಿ, 'ಭಾಯಿ, ಇದು ತಪ್ಪು' ಎನ್ನುವವರು ಎಷ್ಟು ಮಂದಿ? ಮಗಳ ಬುರ್ಖಾದ ಬಗ್ಗೆ ಅಷ್ಟೊಂದು ಎಚ್ಚರವಿರುವ ತಂದೆಗೆ ಮಗನ ನಾಲಿಗೆಯ ಬಗ್ಗೆ ಏಕಿಲ್ಲ?

ಸೂರಃ ಅನ್ನೂರ್‌ನಲ್ಲಿ ದೃಷ್ಟಿ ತಗ್ಗಿಸುವ ಆಜ್ಞೆ ಮೊದಲು ಬಂದಿರುವುದು ಪುರುಷರಿಗೆ, ಅನಂತರ ಮಹಿಳೆಯರಿಗೆ. ಸೂರಃ ಅಲ್ ಹುಜುರಾತ್ ಅಪಹಾಸ್ಯವನ್ನೂ ಪರನಿಂದೆಯನ್ನೂ ನಿಷೇಧಿಸುತ್ತದೆ. ಬಾಯಿಂದ ಹೊರಟ ಪ್ರತಿಯೊಂದು ಮಾತೂ ದಾಖಲಾಗುತ್ತದೆಂದು ಸೂರಃ ಕಾಫ್ ಎಚ್ಚರಿಸುತ್ತದೆ. ಆದ್ದರಿಂದ ಸತ್ಯವಿಶ್ವಾಸಿಯ ಪಾಲಿಗೆ ಮುಚ್ಚಿದ ಕೋಣೆ ಎಂಬುದೇ ಇಲ್ಲ.

ಇಮಾಮರು ಜುಮಾ ಖುತ್ಬಾದಲ್ಲಿ ಈ ವಿಷಯವನ್ನು ಎತ್ತಿಕೊಳ್ಳಲಿ. ಅದಕ್ಕೂ ಮೊದಲು, ಗೆಳೆಯರ ಹೊಲಸು ಮಾತಿಗೆ ನಗದೆ ತಂದೆಯೊಬ್ಬ ಎದ್ದು ಬರಲಿ. ಮಗ ಅದನ್ನು ನೋಡಿ ಕಲಿಯುತ್ತಾನೆ.