ಕರುಣೆಯಿಂದ ಹುಟ್ಟಿದ ಕೋವಿ

ಉದ್ದೇಶ ಒಳ್ಳೆಯದಾದರೆ ಸಾಕೆನ್ನುವವರು ಯಂತ್ರಕೋವಿಯ ಚರಿತ್ರೆಯನ್ನು ಒಮ್ಮೆ ಓದಬೇಕು. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಕ್ಕಿಂತ ರೋಗದಿಂದಲೇ ಹೆಚ್ಚು ಸಿಪಾಯಿಗಳು ಸಾಯುತ್ತಿದ್ದುದನ್ನು ವೈದ್ಯಶಾಸ್ತ್ರ ಓದಿದ್ದ ರಿಚರ್ಡ್ ಗ್ಯಾಟ್ಲಿಂಗ್ ಕಂಡನು. ನೂರು ಜನರ ಕೆಲಸವನ್ನು ಒಬ್ಬನೇ ಮಾಡುವಂತಾದರೆ ದೊಡ್ಡ ದಂಡೇ ಬೇಡವಾಗಿ ಅಷ್ಟು ಜೀವ ಉಳಿದೀತೆಂದು ಬಗೆದನು. 1862ರಲ್ಲಿ ಅವನು ರಚಿಸಿದ ಕೋವಿಗೆ ನಳಿಗೆಗಳು ಹಲವು. ಹಿಡಿಯನ್ನು ತಿರುಗಿಸಿದಂತೆ ಅವು ಸರದಿಯಾಗಿ ಗುಂಡು ಹಾರಿಸುತ್ತಿದ್ದವು.

1884ರಲ್ಲಿ ಹೈರಮ್ ಮ್ಯಾಕ್ಸಿಮ್ ಆ ಕೈಶ್ರಮವನ್ನೂ ತಪ್ಪಿಸಿದನು. ಗುಂಡಿನ ಹಿಂದೊದೆತವೇ ಖಾಲಿ ತೋಟಾವನ್ನು ಹೊರಚೆಲ್ಲಿ ಹೊಸದನ್ನು ತುಂಬುವುದು. ನಿಮಿಷಕ್ಕೆ ಸುಮಾರು 600 ಗುಂಡು. ಮುಂದೆ ಮದ್ದಿನ ಅನಿಲದ ಒತ್ತಡದಿಂದ ನಡೆಯುವ ಹಗುರ ಕೋವಿಗಳೂ, 1947ರ ಮಾದರಿಯ ಕಲಾಶ್ನಿಕೋವ್ ಬಂದೂಕೂ ಬಂದವು.

ಫಲವೇನಾಯಿತು? 1898ರಲ್ಲಿ ಸೂಡಾನಿನ ಓಮ್ಡುರ್ಮಾನಿನಲ್ಲಿ, ಈ ಕೋವಿಗಳ ಮತ್ತು ಫಿರಂಗಿಗಳ ಮುಂದೆ ಒಂದೇ ದಿನ ಹತ್ತು ಸಾವಿರದಷ್ಟು ಸೂಡಾನಿಯರು ಮಡಿದರು. ಬ್ರಿಟಿಷರ ಪಕ್ಷದಲ್ಲಿ ಸತ್ತವರು ಐವತ್ತಕ್ಕೂ ಕಡಿಮೆ. 1916ರ ಜುಲೈ 1ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ, ಮ್ಯಾಕ್ಸಿಮನ ತತ್ತ್ವದಿಂದಲೇ ನಡೆಯುವ ಜರ್ಮನ್ ಕೋವಿಗಳೆದುರು ನಡೆದುಹೋದ ಬ್ರಿಟಿಷ್ ಸೈನ್ಯದಲ್ಲಿ ಆ ಒಂದು ದಿನವೇ ಸತ್ತವರು 19,240 ಮಂದಿ. ದಂಡು ಚಿಕ್ಕದಾಗಲಿಲ್ಲ, ಸಾವು ಅಗ್ಗವಾಯಿತು.

ತನ್ನ ಬಂದೂಕು ತೆಗೆದ ಪ್ರಾಣಗಳಿಗೆ ತಾನೂ ಹೊಣೆಯೇ ಎಂದು ಕಲಾಶ್ನಿಕೋವ್ 2012ರಲ್ಲಿ, ಕಡುಮುಪ್ಪಿನಲ್ಲಿ, ತನ್ನ ಧರ್ಮಗುರುವಿಗೆ ಬರೆದು ಕೇಳಿದನು. ಆ ಪ್ರಶ್ನೆ ಅಧ್ಯಾಪಕರಾದ ನಮಗೂ ತಗಲುತ್ತದೆ. ಯಂತ್ರ ಹೇಗೆ ನಡೆಯುವುದೆಂದು ಕಲಿಸುತ್ತೇವೆ. ಯಾರ ಮೇಲೆ ನಡೆಯುವುದೆಂದು ಕೇಳಲು ಕಲಿಸುತ್ತಿಲ್ಲ. ಮುಪ್ಪಿನವರೆಗೆ ಕಾಯದೆ ವಿದ್ಯಾರ್ಥಿದೆಸೆಯಲ್ಲಿಯೇ ಅದನ್ನು ಕೇಳುವುದು ಲೇಸು.