ಶೇಷಗಿರಿ ಯಾರು ಗೊತ್ತಾ?

ಪ್ಲೇಸ್‌ಮೆಂಟ್ ಸೀಸನ್ ಶುರುವಾದ ಮೇಲೆ ಹಾಸ್ಟೆಲ್‌ನಲ್ಲಿ ಬೇರೆ ಮಾತೇ ಇಲ್ಲ. ಯಾವ ಕಂಪನಿ, ಎಷ್ಟು ರೌಂಡ್, ಎಷ್ಟು ಪ್ಯಾಕೇಜ್. ಮೊನ್ನೆ ಮೆಸ್‌ನಲ್ಲಿ ಕೂತಾಗ ಸುಮ್ಮನೆ ಕೇಳಿದೆ, "ಎನ್. ಶೇಷಗಿರಿ ಯಾರು ಗೊತ್ತಾ?" ಟೇಬಲ್ಲಿನಲ್ಲಿದ್ದ ಆರು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾರಾಯಣಮೂರ್ತಿ, ನೀಲೇಕಣಿ ಎಲ್ಲರಿಗೂ ಗೊತ್ತು. ತಪ್ಪು ಅವರದ್ದಲ್ಲ ಬಿಡಿ, ಹೋದ ವರ್ಷದವರೆಗೆ ನನಗೂ ಗೊತ್ತಿರಲಿಲ್ಲ.

ನನಗೆ ಆ ಹೆಸರು ಸಿಕ್ಕಿದ್ದು ಪಹಣಿಯಿಂದ. ನಮ್ಮದು ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿ, ಅಡಿಕೆ ತೋಟದ ಮನೆ. ಸಾಲ ಬೇಕು ಅಂದರೆ ಪಹಣಿ ಬೇಕು. ಮೊದಲೆಲ್ಲ ಅದು ಗ್ರಾಮಲೆಕ್ಕಿಗರ ಕೈಬರಹದಲ್ಲಿತ್ತು. ಅವರು ಸಿಕ್ಕ ದಿನವೇ ಪಹಣಿ ಸಿಕ್ಕ ದಿನ. 2001ರ ಹೊತ್ತಿಗೆ 'ಭೂಮಿ' ಯೋಜನೆ ಬಂತು. ತಾಲೂಕು ಕೇಂದ್ರದ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಆದ ಪಹಣಿ ಕೈಗೆ ಬರುವ ಹಾಗಾಯಿತು. ಅದರ ಸಾಫ್ಟ್‌ವೇರ್ ಮಾಡಿದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್ಐಸಿ. ಆ ಎನ್ಐಸಿ ಶುರು ಮಾಡಿದವರು ಯಾರು ಅಂತ ಹುಡುಕಿದಾಗ ಸಿಕ್ಕವರು ಶೇಷಗಿರಿ.

ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಸಂಶೋಧಕರಾಗಿಯೇ ಉಳಿಯಬಹುದಿತ್ತು. ಆದರೆ ದೆಹಲಿಗೆ ಹೋಗಿ, ಸರ್ಕಾರದ ಮಾಹಿತಿ ಸರ್ಕಾರದ ಕೈಗೇ ಸಿಗುವಂತೆ ಮಾಡುವ ಕೆಲಸಕ್ಕೆ ಇಳಿದರು. 1976ರಲ್ಲಿ ಎನ್ಐಸಿ ಹುಟ್ಟಿತು. ಎಂಬತ್ತರ ದಶಕದ ಕೊನೆಗೆ ಉಪಗ್ರಹದ ಮೂಲಕ ಜಿಲ್ಲಾ ಕೇಂದ್ರಗಳನ್ನು ಜೋಡಿಸುವ ನಿಕ್‌ನೆಟ್ ಬಂತು. ನೆಟ್ಟಗೆ ಟೆಲಿಫೋನ್ ಕೂಡ ಸಿಗದ ಕಾಲ ಅದು! ಸಾಮಾನ್ಯ ಜನರಿಗೆ ಇಂಟರ್ನೆಟ್ ಸಿಕ್ಕಿದ್ದೇ 1995ರಲ್ಲಿ.

ಇನ್ನೊಂದು ಕೆಲಸ ನಮ್ಮ ಪ್ಲೇಸ್‌ಮೆಂಟಿಗೆ ನೇರವಾಗಿ ಸಂಬಂಧಪಟ್ಟದ್ದು. 1984ಕ್ಕೆ ಮೊದಲು ಒಂದು ಕಂಪ್ಯೂಟರ್ ಆಮದು ಮಾಡಿಕೊಳ್ಳಬೇಕಾದರೆ ಲೈಸೆನ್ಸಿಗಾಗಿ ದೆಹಲಿಗೆ ಅಲೆಯಬೇಕಿತ್ತು, ಜೊತೆಗೆ ಭಾರೀ ಸುಂಕ. 1984ರ ನವೆಂಬರ್‌ನ ಕಂಪ್ಯೂಟರ್ ನೀತಿ, 1986ರ ಸಾಫ್ಟ್‌ವೇರ್ ನೀತಿ ಈ ಗಂಟನ್ನು ಸಡಿಲಿಸಿದವು. ಎರಡನ್ನೂ ರೂಪಿಸಿದವರಲ್ಲಿ ಶೇಷಗಿರಿ ಪ್ರಮುಖರು. 1998ರ ರಾಷ್ಟ್ರೀಯ ಐಟಿ ಕಾರ್ಯಪಡೆಯಲ್ಲೂ ಅವರಿದ್ದರು. 2005ರಲ್ಲಿ ಪದ್ಮಭೂಷಣ ಬಂತು, 2013ರಲ್ಲಿ ತೀರಿಕೊಂಡರು.

ನಾನು ಹೇಳಬೇಕಾದ್ದು ಇಷ್ಟು: ನಿಯಮ ಬರೆಯುವುದೂ ಎಂಜಿನಿಯರಿಂಗೇ. ಕೋಡ್‌ನಲ್ಲಿ ಒಂದು ಕಂಡೀಷನ್ ತಪ್ಪಿದರೆ ಪ್ರೋಗ್ರಾಂ ನಿಲ್ಲುತ್ತೆ. ನೀತಿಯಲ್ಲಿ ತಪ್ಪಿದರೆ ಒಂದು ಉದ್ಯಮವೇ ನಿಲ್ಲುತ್ತೆ, ಇಲ್ಲವೇ ಒಂದು ಊರು ಹೊರಗೆ ಉಳಿಯುತ್ತೆ. ನಾಲ್ಕು ವರ್ಷದಲ್ಲಿ ನಮಗೆ ಇದನ್ನು ಯಾರೂ ಹೇಳಿಕೊಡಲ್ಲ.

ಎಲ್ಲ ಸರಿಹೋಯ್ತು ಅಂತಲೂ ಅಲ್ಲ. ಹಳೆ ಕಡತದಲ್ಲಿದ್ದ ತಪ್ಪು ಹಾಗೇ ಕಂಪ್ಯೂಟರಿಗೆ ಹೋದರೆ ಅದು ಇನ್ನಷ್ಟು ಗಟ್ಟಿಯಾದ ತಪ್ಪಾಗುತ್ತೆ. ಭೂದಾಖಲೆ ಒಂದೇ ಕಡೆ ಸುಲಭವಾಗಿ ಸಿಗುವುದು ಸಣ್ಣ ರೈತನಿಗಿಂತ ದೊಡ್ಡ ಖರೀದಿದಾರನಿಗೇ ಹೆಚ್ಚು ಅನುಕೂಲ ಎಂಬ ಟೀಕೆಯೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. 2020ರಲ್ಲಿ ಆನ್‌ಲೈನ್ ಕ್ಲಾಸಿಗಾಗಿ ನಾನು ಮಳೆಯಲ್ಲಿ ಕೊಡೆ ಹಿಡಿದು ಮನೆ ಹಿಂದಿನ ಗುಡ್ಡ ಹತ್ತುತ್ತಿದ್ದೆ. ಮಲೆನಾಡಿನ ಎಷ್ಟೋ ಮಕ್ಕಳ ಕಥೆ ಅದೇ. ಜಿಲ್ಲಾ ಕೇಂದ್ರಕ್ಕೆ ಉಪಗ್ರಹ ತಲುಪಿ ಮೂವತ್ತು ವರ್ಷ ಆದಮೇಲೂ ನಮ್ಮನೆ ಅಂಗಳಕ್ಕೆ ಸಿಗ್ನಲ್ ತಲುಪಿರಲಿಲ್ಲ. ಟವರ್ ಎಲ್ಲಿ ಹಾಕಬೇಕು ಅನ್ನೋದು ಲಾಭದ ಲೆಕ್ಕ ಮಾತ್ರ ಆದರೆ, ಹತ್ತು ಮನೆಯ ಊರಿಗೆ ಯಾವತ್ತೂ ಪಾಳಿ ಬರಲ್ಲ. ಆ ಲೆಕ್ಕ ಬದಲಾಯಿಸೋಕೆ ನೀತಿ ಬೇಕು, ನೀತಿ ಬರೆಯೋಕೆ ಗುಡ್ಡ ಹತ್ತಿದವರೂ ಬೇಕು.

ಹಾಗಾದರೆ ನೀನು ಹೋಗ್ತೀಯಾ ಅಂತ ಕೇಳಬಹುದು. ಸುಳ್ಳು ಹೇಳಲ್ಲ, ನಾನೂ ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟಿದ್ದೇನೆ. ಮನೆಯಲ್ಲಿ ಸಾಲ ಇದೆ. ಎಲ್ಲರೂ ಕೆಲಸ ಬಿಟ್ಟು ದೆಹಲಿಗೆ ಹೋಗಿ ಅಂತ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಆದರೆ ಇಲ್ಲಿದ್ದೇ ಮಾಡಬಹುದಾದ್ದೊಂದಿದೆ. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ವೈಯಕ್ತಿಕ ಡೇಟಾ ರಕ್ಷಣೆಯ ಕರಡು ನಿಯಮ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಗೆಜೆಟ್‌ನಲ್ಲಿ ಬಂದದ್ದು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ. ನಮ್ಮ ಕ್ಯಾಂಪಸ್‌ನಲ್ಲಿ ಎಷ್ಟು ಜನ ಓದಿದೆವು? ನಾನಂತೂ ಓದಿರಲಿಲ್ಲ. ಮೂಲ ಕಾಯ್ದೆ 2023ರದ್ದು. ಒಪ್ಪಿಗೆ ಕೇಳುವ ಸೂಚನೆಯನ್ನು ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆ ಕೊಡಬೇಕು ಅಂತ ಅದರಲ್ಲೇ ಇದೆ. ಅಂದರೆ ಕನ್ನಡದಲ್ಲಿ ಕೇಳುವುದು ಕಾನೂನಿನ ಹಕ್ಕು. ಆ ಕನ್ನಡ ನಮ್ಮಪ್ಪನಿಗೆ ಅರ್ಥ ಆಗುವಂತೆ ಇರುತ್ತಾ, ಅಥವಾ ಯಂತ್ರ ಉಗುಳಿದ ಕನ್ನಡ ಆಗಿರುತ್ತಾ? ಅದನ್ನು ನೋಡಿ ಹೇಳೋಕೆ ಕನ್ನಡ ಮತ್ತು ಕಂಪ್ಯೂಟರ್ ಎರಡೂ ಗೊತ್ತಿರುವವರು ಬೇಕು. ನಮಗಿಂತ ಸರಿಯಾದವರು ಯಾರಿದ್ದಾರೆ?

ರಾಜ್ಯೋತ್ಸವಕ್ಕೆ ನಾವು ಡೊಳ್ಳು ತರಿಸುತ್ತೇವೆ, ಕುಣಿಯುತ್ತೇವೆ. ಬೇಡ ಅನ್ನಲ್ಲ, ನಾನೂ ಕುಣಿಯುತ್ತೇನೆ. ಆದರೆ ಮುಂದಿನ ಕರಡು ಬಂದಾಗ ಒಂದು ಶನಿವಾರ ಸಂಜೆ ಕ್ಲಬ್ ರೂಮಲ್ಲಿ ಕೂತು ಒಟ್ಟಿಗೆ ಓದೋಣ. ಅರ್ಥ ಆದದ್ದನ್ನು ಕನ್ನಡದಲ್ಲಿ ಎರಡು ಪುಟ ಬರೆದು ಕಳಿಸೋಣ. ಚಹಾ ನನ್ನ ಲೆಕ್ಕ.